ಅಳತೆ ಇದ್ದಲ್ಲಿ ನ್ಯಾಯ: ಒಕ್ಕಲುತನದ ನೀರು ಮತ್ತು ಡಿಜಿಟಲ್ ತಂತ್ರಜ್ಞಾನ

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಬಿಸ್ಮಿಲ್ಲಾಹಿರ್ರಹ್ಮಾನಿರ್ರಹೀಮ್.

 

ಒಕ್ಕಲುತನದ ನೀರು ಮತ್ತು ಡಿಜಿಟಲ್ ತಂತ್ರಜ್ಞಾನ ಎಂಬ ವಿಷಯದ ಮೇಲೆ ನಾಲ್ಕು ಮಾತು ಹೇಳಬೇಕೆಂದು ಹಿರಿಯರು ಸೂಚಿಸಿದಾಗ ನನಗೆ ಸ್ವಲ್ಪ ಅಳುಕಾಯಿತು. ನಾನು ಉರ್ದು ಮತ್ತು ಕನ್ನಡ ಕಲಿಸುವ ಮಾಸ್ತರ. ಎಂಜಿನಿಯರನೂ ಅಲ್ಲ, ಕೃಷಿ ವಿಜ್ಞಾನಿಯೂ ಅಲ್ಲ. ಆದರೆ ನನ್ನ ತರಗತಿಯಲ್ಲಿ ಕೂಡುವ ಮಕ್ಕಳಲ್ಲಿ ಹೆಚ್ಚಿನವರು ಹೊಲದ ಮನೆಗಳಿಂದ ಬರುವವರು. ಕೆಲವರದು ಸ್ವಂತ ಹೊಲ, ಕೆಲವರದು ಪಾಲಿಗೆ ಮಾಡಿದ ಹೊಲ, ಇನ್ನು ಕೆಲವರ ತಂದೆ ತಾಯಿ ಬೇರೆಯವರ ಹೊಲದಲ್ಲಿ ಕೂಲಿ ಮಾಡುವವರು. ನೀರು ಬಂದರೆ ಆ ಮಕ್ಕಳು ಶಾಲೆಗೆ ಬರುತ್ತಾರೆ. ನೀರು ಬರದ ವರ್ಷ ಮನೆಯವರೊಂದಿಗೆ ಊರು ಬಿಡುತ್ತಾರೆ. ಹಾಗಾಗಿ ನೀರಿನ ವಿಷಯವು ಶಿಕ್ಷಣದ ವಿಷಯವೂ ಹೌದು ಎಂಬ ಧೈರ್ಯದಿಂದ ನಿಮ್ಮ ಮುಂದೆ ನಿಂತಿದ್ದೇನೆ.

ಮೊದಲಿಗೆ ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ. ನಿಮ್ಮ ಮನೆಯ ಮೊಬೈಲಿನಲ್ಲಿ ಇಂದು ಎಷ್ಟು ಜಿಬಿ ಡಾಟಾ ಉಳಿದಿದೆ ಎಂದು ಕೇಳಿದರೆ ನೀವು ತಟ್ಟನೆ ಹೇಳುತ್ತೀರಿ. ನಿಮ್ಮ ಹೊಲಕ್ಕೆ ನಿನ್ನೆ ಎಷ್ಟು ಲೀಟರ್ ನೀರು ಹರಿಯಿತು ಎಂದು ಕೇಳಿದರೆ? ನಾನು ತರಗತಿಯಲ್ಲಿ ಈ ಪ್ರಶ್ನೆ ಕೇಳಿದಾಗ ಒಬ್ಬ ಹುಡುಗ "ಸರ್, ಹೊಲ ತುಂಬುವಷ್ಟು" ಎಂದ. ಎಲ್ಲರೂ ನಕ್ಕರು. ಆದರೆ ಅವನು ಹೇಳಿದ್ದು ನಮ್ಮ ಭಾಗದ ಬಹುತೇಕ ರೈತರ ಉತ್ತರವೇ ಆಗಿದೆ. ನಾವು ಬೀಜ ಅಳೆಯುತ್ತೇವೆ, ಗೊಬ್ಬರ ತೂಗುತ್ತೇವೆ, ಕಬ್ಬನ್ನು ಟನ್ನಿನ ಲೆಕ್ಕದಲ್ಲಿ ಮಾರುತ್ತೇವೆ. ನೀರನ್ನು ಮಾತ್ರ ಕಣ್ಣಂದಾಜಿಗೆ ಬಿಡುತ್ತೇವೆ.

ನನ್ನ ಇಂದಿನ ಮಾತಿನ ಸಾರ ಇಷ್ಟೇ: ಅಳೆಯದ ನೀರನ್ನು ಉಳಿಸಲೂ ಆಗದು, ನ್ಯಾಯವಾಗಿ ಹಂಚಲೂ ಆಗದು. ಡಿಜಿಟಲ್ ತಂತ್ರಜ್ಞಾನ ಎಂದರೆ ಮುಖ್ಯವಾಗಿ ಒಂದು ಒಳ್ಳೆಯ ಅಳತೆಗೋಲು. ಆ ಕೋಲನ್ನು ಹಿಡಿಯಲು ಮತ್ತು ಅದರ ಮೇಲಿನ ಅಂಕಿ ಓದಲು ನಮ್ಮ ಮಕ್ಕಳು ಕಲಿಯಬೇಕು.

ಅಳತೆಯ ಮಾತು ನಮಗೆ ಹೊಸದಲ್ಲ. ಪ್ರವಾದಿ ಮುಹಮ್ಮದ್ (ಸ) ಅವರ ಕಾಲದಲ್ಲಿ ಮದೀನಾದ ಮಹ್ಜೂರ್ ಎಂಬ ಹಳ್ಳದ ನೀರಿನ ಬಗ್ಗೆ ತೀರ್ಮಾನವೊಂದು ಆಯಿತು. ಮೇಲಿನ ಹೊಲದವನು ತನ್ನ ಹೊಲದಲ್ಲಿ ನೀರು ಪಾದದ ಗಂಟಿನ ಮಟ್ಟಕ್ಕೆ ಬರುವ ತನಕ ನಿಲ್ಲಿಸಿಕೊಳ್ಳಬಹುದು. ಆ ಬಳಿಕ ಕೆಳಗಿನ ಹೊಲದವನಿಗೆ ಬಿಡಬೇಕು ಎಂಬುದು ಅದರ ತಾತ್ಪರ್ಯ. ಈ ತೀರ್ಮಾನದಲ್ಲಿ ಎರಡು ಸಂಗತಿಗಳನ್ನು ಗಮನಿಸಿ. ಒಂದು, ಮೇಲಿನವನ ಹಕ್ಕಿಗೆ ಒಂದು ಮಿತಿ ಇದೆ. ಎರಡು, ಆ ಮಿತಿಯನ್ನು ಯಾರು ಬೇಕಾದರೂ ನೋಡಿ ಪರೀಕ್ಷಿಸಬಹುದು. ಬಡವನಿಗೂ ಶ್ರೀಮಂತನಿಗೂ ಕಾಲಿನ ಗಂಟು ಒಂದೇ ಎತ್ತರದಲ್ಲಿರುತ್ತದೆ. ಹರಿಯುವ ನದಿಯ ದಂಡೆಯ ಮೇಲೆ ಕುಳಿತು ವುಜೂ ಮಾಡುವಾಗಲೂ ನೀರನ್ನು ದುಂದು ಮಾಡಬಾರದು ಎಂಬ ಉಪದೇಶವನ್ನು ನಾವೆಲ್ಲ ಮದ್ರಸಾದಲ್ಲಿ ಕೇಳಿಯೇ ಬೆಳೆದವರು. ನೀರು ಅಮಾನತ್. ಅಮಾನತ್ತಿಗೆ ಲೆಕ್ಕ ಇರಬೇಕು.

ಲೆಕ್ಕದ ಮಾತು ಬಂದಾಗ ಇನ್ನೊಂದು ಹೆಸರು ಹೇಳಲೇಬೇಕು. ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಅಲ್ ಖ್ವಾರಿಜ್ಮಿ ಬೀಜಗಣಿತದ ಬಗ್ಗೆ ಬರೆದ ತಮ್ಮ ಗ್ರಂಥದ ಪ್ರಸ್ತಾವನೆಯಲ್ಲಿ ಆ ಗಣಿತ ಯಾವ ಯಾವ ಕೆಲಸಕ್ಕೆ ಬೇಕೆಂದು ತಿಳಿಸಿದ್ದಾರೆ. ಆಸ್ತಿಯ ಪಾಲು, ವ್ಯಾಪಾರ, ಭೂಮಿಯ ಅಳತೆ, ಇವುಗಳ ಜೊತೆಗೆ ಕಾಲುವೆ ತೋಡುವ ಕೆಲಸವೂ ಅಲ್ಲಿದೆ. ಇಂದು ಕಂಪ್ಯೂಟರಿಗೆ ಹಾಕಿಕೊಡುವ ಕ್ರಮಬದ್ಧ ಸೂಚನೆಗಳಿಗೆ ಅಲ್ಗಾರಿದಂ ಎಂಬ ಹೆಸರು ಬಂದದ್ದು ಈ ಮಹನೀಯರ ಹೆಸರಿನಿಂದಲೇ. ನಮ್ಮ ನೆರೆಯ ಬಿಜಾಪುರದಲ್ಲಿ, ಅಂದರೆ ಇಂದಿನ ವಿಜಯಪುರದಲ್ಲಿ, ಮುಹಮ್ಮದ್ ಆದಿಲ್ ಶಾಹ 1651ರಲ್ಲಿ ಬೇಗಂ ತಾಲಾಬ್ ಕಟ್ಟಿಸಿದರು. ಅಲ್ಲಿಂದ ನಗರಕ್ಕೆ ಮಣ್ಣಿನ ಕೊಳವೆಗಳಲ್ಲಿ ನೀರು ಬರುತ್ತಿತ್ತು. ಕೊಳವೆಗಳಲ್ಲಿ ಒತ್ತಡ ಹೆಚ್ಚಾಗದಿರಲೆಂದು ಕಟ್ಟಿದ ಗಂಜ್ ಎಂಬ ನೀರಿನ ಗೋಪುರಗಳನ್ನು ಇಂದಿಗೂ ನೋಡಬಹುದು. ಹಿರಿಯರ ಹೆಸರು ಹೇಳಿ ಹೆಮ್ಮೆಪಡುವುದು ಸುಲಭ. ಅವರು ಲೆಕ್ಕ ಇಟ್ಟಂತೆ ಲೆಕ್ಕ ಇಡುವುದು ನಮ್ಮ ಮುಂದಿರುವ ಕೆಲಸ.

ಈಗ ನಮ್ಮ ಮಲಪ್ರಭೆಗೆ ಬರೋಣ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಈ ನದಿ ಎಂ.ಕೆ. ಹುಬ್ಬಳ್ಳಿಯನ್ನು ದಾಟಿ, ಬೈಲಹೊಂಗಲ, ಸವದತ್ತಿ, ರಾಮದುರ್ಗ ಸೀಮೆಗಳಲ್ಲಿ ಹರಿಯುತ್ತದೆ. ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ಕಟ್ಟಿದ ಅಣೆಕಟ್ಟಿನ ಹಿಂದೆ ರೇಣುಕಾ ಸಾಗರ ನಿಂತಿದೆ. ಅದರ ಸಾಮರ್ಥ್ಯ 37.73 ಟಿಎಂಸಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2,831 ಕೋಟಿ ಲೀಟರ್. ಎಡದಂಡೆ ಮತ್ತು ಬಲದಂಡೆ ಕಾಲುವೆಗಳಿಂದ ಎರಡು ಲಕ್ಷ ಹೆಕ್ಟೇರಿಗೂ ಹೆಚ್ಚು ಭೂಮಿಗೆ ನೀರು ಕೊಡಬೇಕೆಂಬುದು ಯೋಜನೆಯ ಉದ್ದೇಶವಾಗಿತ್ತು.

ಆದರೆ ಕಾಲುವೆಯ ತಲೆಯ ಹೊಲಕ್ಕೆ ಮುಟ್ಟಿದ ನೀರು ಕೊನೆಯಂಚಿನ ಹೊಲಕ್ಕೆ ಮುಟ್ಟಲಿಲ್ಲ. ಮೇಲಿನವರು ಹೆಚ್ಚು ನೀರು ಬೇಡುವ ಬೆಳೆಗೆ ಕೈಹಾಕಿದರು, ಹೊಲಗಾಲುವೆಗಳು ಹೂಳು ತುಂಬಿದವು, ನೀರು ದಾರಿಯಲ್ಲೇ ಇಂಗಿತು. ಅಷ್ಟರಲ್ಲಿ ಸರಕಾರವು ನೀರಾವರಿಯಿಂದ ಭೂಮಿಯ ಬೆಲೆ ಹೆಚ್ಚಿತೆಂದು ಅಭಿವೃದ್ಧಿ ಕರವನ್ನು ಕೇಳಿತು. ನೀರು ಕಾಣದ ಹೊಲದವರಿಗೂ ಕರದ ನೋಟಿಸು ಬಂದಿತು. ರೈತರು ಸಂಘಟಿತರಾದರು. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ನಡೆದದ್ದು ನಿಮ್ಮ ಹಿರಿಯರಿಗೆ ನೆನಪಿದೆ. ಗೋಲಿಬಾರಿನಲ್ಲಿ ರೈತರು ಪ್ರಾಣ ಕಳೆದುಕೊಂಡರು. ಇಂದಿಗೂ ಪ್ರತಿ ವರ್ಷ ಆ ದಿನವನ್ನು ರೈತ ಹುತಾತ್ಮ ದಿನವೆಂದು ಆಚರಿಸುತ್ತಾರೆ.

ಆ ಹೋರಾಟಕ್ಕೆ ಹಲವು ಕಾರಣಗಳಿದ್ದವು. ಆದರೆ ಒಬ್ಬ ಮಾಸ್ತರನಾಗಿ ನನ್ನನ್ನು ಕಾಡುವ ಪ್ರಶ್ನೆ ಒಂದಿದೆ. ಯಾವ ತೂಬಿನಿಂದ, ಯಾವ ದಿನ, ಎಷ್ಟು ನೀರು ಹೋಯಿತು ಎಂಬ ದಾಖಲೆ ಎಲ್ಲರ ಮುಂದೆ ಇದ್ದಿದ್ದರೆ, ನೀರು ಕಾಣದ ರೈತನು ತನಗೆ ನೀರು ಬಂದಿಲ್ಲವೆಂದು ಬೀದಿಗೆ ಬಂದು ಸಾಬೀತುಪಡಿಸಬೇಕಾಗುತ್ತಿತ್ತೇ? ದಾಖಲೆಯೇ ಅವನ ಪರವಾಗಿ ಮಾತನಾಡುತ್ತಿತ್ತು. ಅಳತೆ ಇಲ್ಲದಲ್ಲಿ ಬಲವುಳ್ಳವನ ಮಾತೇ ಅಳತೆಯಾಗುತ್ತದೆ.

ಇಂದು ಅಂತಹ ದಾಖಲೆ ಇಡುವುದು ಸಾಧ್ಯವಾಗಿದೆ. ದೂರದ ಉದಾಹರಣೆ ಬೇಡ. ನಮ್ಮದೇ ರಾಜ್ಯದ ನಾರಾಯಣಪುರ ಎಡದಂಡೆ ಕಾಲುವೆಯನ್ನು ನೋಡಿ. ಕೃಷ್ಣಾ ನದಿಯ ಬಸವಸಾಗರದಿಂದ ಹೊರಡುವ ಈ ಕಾಲುವೆಯ ವಿಸ್ತರಣೆ, ನವೀಕರಣ ಮತ್ತು ಆಧುನೀಕರಣದ ಯೋಜನೆಯನ್ನು 2023ರ ಜನವರಿ 19ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್ಲಿನಲ್ಲಿ ಪ್ರಧಾನಮಂತ್ರಿಗಳು ಉದ್ಘಾಟಿಸಿದರು. ವೆಚ್ಚ ಸುಮಾರು 4,700 ಕೋಟಿ ರೂಪಾಯಿ, ಅಚ್ಚುಕಟ್ಟು 4.5 ಲಕ್ಷ ಹೆಕ್ಟೇರ್, ಪ್ರಯೋಜನ ಪಡೆಯುವ ಹಳ್ಳಿಗಳು 560. ಅಲ್ಲಿ ಸ್ಕಾಡಾ ಎಂಬ ವ್ಯವಸ್ಥೆಯನ್ನು ಅಳವಡಿಸಲಾಗಿದೆ. ಹೆಸರು ಕೇಳಿ ಗಾಬರಿಯಾಗಬೇಡಿ, ಅದರ ಕೆಲಸ ಸರಳ. ಕಾಲುವೆಯ ಗೇಟಿನ ಬಳಿ ಇರುವ ಸೆನ್ಸರ್ ನೀರಿನ ಮಟ್ಟವನ್ನೂ ಹರಿವನ್ನೂ ಅಳೆಯುತ್ತದೆ. ಆ ಅಂಕಿ ನಿಸ್ತಂತು ಸಂಪರ್ಕದ ಮೂಲಕ ನಿಯಂತ್ರಣ ಕೇಂದ್ರದ ಕಂಪ್ಯೂಟರಿಗೆ ಹೋಗುತ್ತದೆ. ಎಲ್ಲಿ ಹೆಚ್ಚಾಗಿದೆ, ಎಲ್ಲಿ ಕಡಿಮೆಯಾಗಿದೆ ಎಂದು ನೋಡಿ ಅಲ್ಲಿಂದಲೇ ಗೇಟನ್ನು ಏರಿಸಬಹುದು, ಇಳಿಸಬಹುದು. ಮೊದಲು ಒಬ್ಬ ಸಿಬ್ಬಂದಿ ಮೋಟಾರ್ ಸೈಕಲ್ ಹತ್ತಿ ಗೇಟಿನಿಂದ ಗೇಟಿಗೆ ಹೋಗಿ ಮಾಡುತ್ತಿದ್ದ ಕೆಲಸ ಈಗ ಕುಳಿತಲ್ಲೇ ಆಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿಯೊಂದು ಅಂಕಿಯೂ ದಾಖಲಾಗಿ ಉಳಿಯುತ್ತದೆ.

ಪಾಳಿಯ ಪ್ರಕಾರ ನೀರು ಬಿಡುವ ಪದ್ಧತಿಗೆ ಇಲಾಖೆಯವರು ವಾರಾಬಂದಿ ಎನ್ನುತ್ತಾರೆ. ಉರ್ದು ಬಲ್ಲ ಮಕ್ಕಳಿಗೆ ಈ ಪದ ತಿಳಿಯುತ್ತದೆ: ವಾರ್ ಎಂದರೆ ಪಾಳಿ, ಬಂದಿ ಎಂದರೆ ಕಟ್ಟುಪಾಡು. ಕಟ್ಟುಪಾಡನ್ನು ಕಾಗದದ ಮೇಲೆ ಬರೆಯುವುದು ಸುಲಭ. ಅದು ಪಾಲನೆಯಾಯಿತೋ ಇಲ್ಲವೋ ಎಂದು ತಿಳಿಯಲು ಅಳತೆ ಬೇಕು. ಕಾಲಿನ ಗಂಟು ಮಾಡುತ್ತಿದ್ದ ಕೆಲಸವನ್ನು ಇಂದು ಸೆನ್ಸರ್ ಮಾಡುತ್ತಿದೆ.

ಇನ್ನೊಂದು ಲೆಕ್ಕ ಮಾಡೋಣ. ಮಹದಾಯಿ ನ್ಯಾಯಾಧಿಕರಣವು 2018ರ ಆಗಸ್ಟ್ 14ರಂದು ಕೊಟ್ಟ ತೀರ್ಪಿನಲ್ಲಿ ಕಳಸಾ ಮತ್ತು ಬಂಡೂರಿ ನಾಲೆಗಳಿಂದ ಮಲಪ್ರಭೆಗೆ ತಿರುಗಿಸಿಕೊಳ್ಳಲು ಒಪ್ಪಿದ್ದು 3.9 ಟಿಎಂಸಿ. ಆ ನೀರು ಕುಡಿಯಲು ಬೇಕಾದ ನೀರು, ಅದು ನಮ್ಮ ಹಕ್ಕು. ಅದಕ್ಕಾಗಿ ಈ ಭಾಗದ ಜನ ವರ್ಷಗಟ್ಟಲೆ ಧರಣಿ ಕುಳಿತಿದ್ದಾರೆ. ಈಗ ರೇಣುಕಾ ಸಾಗರದ 37.73 ಟಿಎಂಸಿಯನ್ನು ಹತ್ತರಿಂದ ಭಾಗಿಸಿ. ಬರುವುದು 3.77. ಅಂದರೆ ಜಲಾಶಯ ತುಂಬಿದ ವರ್ಷ ಅದರ ಹತ್ತನೆಯ ಒಂದು ಭಾಗವನ್ನು ಉಳಿಸಿದರೂ ಹೆಚ್ಚುಕಡಿಮೆ ಅಷ್ಟೇ ನೀರು. ಹಕ್ಕಿನ ನೀರನ್ನು ಕೇಳುತ್ತಲೇ ಕೈಯಲ್ಲಿರುವ ನೀರನ್ನೂ ಜೋಪಾನ ಮಾಡಬಹುದು. ಒಂದು ಇನ್ನೊಂದಕ್ಕೆ ಅಡ್ಡಿಯಲ್ಲ.

ಸಂಪಗಾಂವ, ಬೈಲಹೊಂಗಲ, ಕಿತ್ತೂರಿನ ಅನೇಕ ಹೊಲಗಳಿಗೆ ಕಾಲುವೆ ಇಲ್ಲ. ಕೊಳವೆ ಬಾವಿಯೇ ಗತಿ. ಅಲ್ಲಿ ಡಿಜಿಟಲ್ ಎಂಬುದು ಈಗಾಗಲೇ ಮೊಬೈಲ್ ಸ್ಟಾರ್ಟರ್ ರೂಪದಲ್ಲಿ ಬಂದಿದೆ. ಸಿಮ್ ಹಾಕಿದ ಒಂದು ಪೆಟ್ಟಿಗೆ. ಮನೆಯಿಂದ ಫೋನ್ ಮಾಡಿದರೆ ಹೊಲದ ಮೋಟಾರು ಚಾಲೂ ಆಗುತ್ತದೆ. ಪುಣೆಯ ಸಂತೋಷ್ ಓಸ್ತವಾಲ್ ಎಂಬ ಎಂಜಿನಿಯರರು ನ್ಯಾನೋ ಗಣೇಶ ಎಂಬ ಹೆಸರಿನಲ್ಲಿ ಇಂತಹ ಸಾಧನವನ್ನು ಬಹಳ ಹಿಂದೆಯೇ ತಯಾರಿಸಿದರು. ಇದರಿಂದ ಆದ ಉಪಕಾರ ದೊಡ್ಡದು. ರಾತ್ರಿ ಕರೆಂಟು ಬಂತೆಂದು ಕಂದೀಲು ಹಿಡಿದು, ಹಾವು ಚೇಳುಗಳ ನಡುವೆ ಹೊಲಕ್ಕೆ ಓಡಿದ ದಿನಗಳನ್ನು ಇಲ್ಲಿ ಕುಳಿತ ಹಿರಿಯರು ಕಂಡಿದ್ದಾರೆ.

ಆದರೆ ಇದೇ ಪೆಟ್ಟಿಗೆಯಿಂದ ಅಪಾಯವೂ ಇದೆ. ನನ್ನ ವಿದ್ಯಾರ್ಥಿಯೊಬ್ಬನ ಮನೆಯವರು ಸ್ಟಾರ್ಟರನ್ನು ಆಟೋದಲ್ಲಿಟ್ಟು ಮದುವೆಗೆಂದು ಪರಊರಿಗೆ ಹೋಗಿದ್ದರು. ಕರೆಂಟು ಬಂದಾಗಲೆಲ್ಲ ಮೋಟಾರು ತಾನೇ ಚಾಲೂ ಆಯಿತು. ಮೂರು ದಿನದ ನಂತರ ಬಂದು ನೋಡಿದರೆ ಕಬ್ಬಿನ ಹೊಲದಲ್ಲಿ ನೀರು ನಿಂತಿತ್ತು, ಬದುವಿನ ಆಚೆ ಪಕ್ಕದವರ ಹೊಲವೂ ರಾಡಿಯಾಗಿತ್ತು. ಆ ಮೂರು ದಿನಗಳಲ್ಲಿ ಒಂದು ದಿನ ಒಳ್ಳೆಯ ಮಳೆಯೂ ಆಗಿತ್ತು. ಯಂತ್ರಕ್ಕೆ ಮೋಟಾರು ಚಾಲೂ ಮಾಡಲು ಹೇಳಿಕೊಟ್ಟಿದ್ದರು. ಹೊಲಕ್ಕೆ ನೀರು ಬೇಕೋ ಬೇಡವೋ ಎಂದು ಕೇಳಲು ಯಾರೂ ಹೇಳಿಕೊಟ್ಟಿರಲಿಲ್ಲ. ನಮ್ಮ ರಾಜ್ಯದಲ್ಲಿ 10 ಎಚ್.ಪಿ.ವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ. ಬಿಲ್ಲು ಬರದ ಕಾರಣ ಇಂತಹ ನಷ್ಟ ಕಣ್ಣಿಗೆ ಕಾಣುವುದಿಲ್ಲ. ಅದು ಕಾಣುವುದು ಕೊಳವೆ ಬಾವಿ ಬತ್ತಿದ ದಿನ.

ನಷ್ಟ ನೀರಿನದಷ್ಟೇ ಅಲ್ಲ. ನಮ್ಮದು ಎರಿ ಭೂಮಿ. ಅದು ನೀರನ್ನು ಹಿಡಿದಿಡುತ್ತದೆ, ಬೇಗ ಬಸಿದುಹೋಗಲು ಬಿಡುವುದಿಲ್ಲ. ಅತಿಯಾಗಿ ನೀರು ಹಾಯಿಸಿದರೆ ಬೇರಿಗೆ ಗಾಳಿ ಸಿಗುವುದಿಲ್ಲ, ಕೆಳಗಿನ ಉಪ್ಪು ಮೇಲಕ್ಕೆ ಬರುತ್ತದೆ. ಮಲಪ್ರಭಾ ಅಚ್ಚುಕಟ್ಟಿನಲ್ಲಿ ಸವಳು ಜವಳಾದ ಹೊಲಗಳನ್ನು ನೀವೇ ಕಂಡಿದ್ದೀರಿ. ಬರದಿಂದ ಕೆಟ್ಟ ಹೊಲ ಒಂದು ಮಳೆಗೆ ಚೇತರಿಸಿಕೊಳ್ಳಬಹುದು; ಸವಳಾದ ಹೊಲವನ್ನು ಸರಿಪಡಿಸಲು ವರ್ಷಗಳೇ ಬೇಕು.

ಇದಕ್ಕೆ ಪರಿಹಾರವಾಗಿ ಮಣ್ಣಿನ ತೇವ ಅಳೆಯುವ ಸೆನ್ಸರುಗಳು ಬಂದಿವೆ. ಬೇರಿನ ಆಳದಲ್ಲಿ ಹುಗಿದಿಟ್ಟರೆ ಅಲ್ಲಿ ಎಷ್ಟು ತೇವವಿದೆ ಎಂದು ಮೊಬೈಲಿನಲ್ಲಿ ತೋರಿಸುತ್ತವೆ. ತೇವ ಒಂದು ಮಟ್ಟಕ್ಕೆ ಇಳಿದಾಗ ಮಾತ್ರ ಹನಿ ನೀರಾವರಿಯ ವಾಲ್ವ್ ತೆರೆಯುವಂತೆ ಮಾಡಬಹುದು. ಹನಿ ನೀರಾವರಿಗೆ ಸರಕಾರದ ಸಹಾಯಧನವೂ ಇದೆ. ಆದರೆ ಒಂದು ಎಚ್ಚರಿಕೆ: ಉಳಿದ ನೀರಿನಲ್ಲಿ ಇನ್ನೂ ಎರಡು ಎಕರೆ ಕಬ್ಬು ಹಚ್ಚಿದರೆ ಬಾವಿಗೆ ಏನೂ ಉಳಿದಂತಾಗಲಿಲ್ಲ. ಉಳಿತಾಯ ನೆಲದೊಳಗೆ ಉಳಿಯಬೇಕು.

ಸಣ್ಣ ರೈತನು ಸೆನ್ಸರಿಗೆ ದುಡ್ಡು ಎಲ್ಲಿಂದ ತರಬೇಕು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹಾಗಾಗಿ ದುಡ್ಡಿಲ್ಲದೆ ಸಿಗುವುದನ್ನೂ ಹೇಳುತ್ತೇನೆ. ನಮ್ಮ ರಾಜ್ಯದಲ್ಲಿ 1988ರಲ್ಲಿ ಬರ ನಿರ್ವಹಣೆಗೆಂದು ಆರಂಭವಾದ ಘಟಕವೇ ಮುಂದೆ ಬೆಳೆದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಯಿತು. ಆ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸೌರಶಕ್ತಿಯಿಂದ ನಡೆಯುವ ಮಳೆಮಾಪಕಗಳನ್ನು ನಿಲ್ಲಿಸಿದೆ. ಅವು ಮಳೆಯ ಅಂಕಿಯನ್ನು ತಾವಾಗಿಯೇ ಕೇಂದ್ರಕ್ಕೆ ಕಳಿಸುತ್ತವೆ. ವರುಣ ಮಿತ್ರ ಸಹಾಯವಾಣಿಗೆ ಫೋನ್ ಮಾಡಿ ತಮ್ಮ ಭಾಗದ ಮಳೆಯ ಮುನ್ಸೂಚನೆಯನ್ನು ಕನ್ನಡದಲ್ಲೇ ಕೇಳುವ ವ್ಯವಸ್ಥೆಯನ್ನೂ ಆ ಕೇಂದ್ರ ಮಾಡಿತು. ಜಲಾಶಯಗಳ ಮಟ್ಟವನ್ನೂ ಪ್ರಕಟಿಸುತ್ತದೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದ ಸೀಮೆ ಮುಳುಗಿದ್ದನ್ನು ಕಂಡೆವು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದದ್ದನ್ನೂ ಕಂಡೆವು. ನಾಲ್ಕೇ ವರ್ಷಗಳಲ್ಲಿ ನೆರೆ ಮತ್ತು ಬರ ಎರಡನ್ನೂ ಕಾಣುವ ನಾಡಿನಲ್ಲಿ ಹಳೆಯ ಅಂದಾಜು ಸಾಲದು.

ಮಕ್ಕಳೇ, ಈ ಅಂಕಿಗಳಿಂದ ಏನು ಮಾಡಬಹುದು ನೋಡಿ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು 4,047 ಲೀಟರ್ ನೀರು. 25 ಮಿಲಿಮೀಟರ್ ಬಿದ್ದರೆ ಒಂದು ಲಕ್ಷ ಲೀಟರಿಗೂ ಮಿಕ್ಕಿತು. ಸೆಕೆಂಡಿಗೆ ಮೂರು ಲೀಟರ್ ಎತ್ತುವ ಪಂಪು ತಾಸಿಗೆ 10,800 ಲೀಟರ್ ಕೊಡುತ್ತದೆ. ಅಂದರೆ ಆ ಒಂದು ಮಳೆ ನಿಮ್ಮ ಪಂಪಿನ ಒಂಬತ್ತು ತಾಸಿನ ಕೆಲಸವನ್ನು ಪುಕ್ಕಟೆಯಾಗಿ ಮಾಡಿಕೊಟ್ಟಿತು. ನಿಮ್ಮ ಪಂಪು ಎಷ್ಟು ಎತ್ತುತ್ತದೆ ಎಂದು ತಿಳಿಯಲು ಒಂದು ಕೊಡ ಮತ್ತು ಮೊಬೈಲಿನ ಗಡಿಯಾರ ಸಾಕು. ಕೊಡ ತುಂಬಲು ಎಷ್ಟು ಸೆಕೆಂಡ್ ಹಿಡಿಯಿತೆಂದು ನೋಡಿ ಭಾಗಿಸಿ. ಐದನೆಯ ಇಯತ್ತೆಯ ಗಣಿತ ಇಷ್ಟಕ್ಕೆ ಸಾಕಾಗುತ್ತದೆ.

ಇಲ್ಲಿ ನಮ್ಮ ಸಂಸ್ಥೆಯ ಪಾತ್ರ ಬರುತ್ತದೆ. ನಾಳೆ ಮಲಪ್ರಭೆಯ ಎಲ್ಲ ಕಾಲುವೆಗಳಿಗೂ ಸೆನ್ಸರ್ ಬರಬಹುದು. ಆಗ ನೀರು ಬಳಕೆದಾರರ ಸಹಕಾರ ಸಂಘದ ಸಭೆಯಲ್ಲಿ ಅಂಕಿಗಳ ಹಾಳೆಯೊಂದು ಮೇಜಿನ ಮೇಲಿರುತ್ತದೆ. ಅದನ್ನು ಓದಬಲ್ಲವನು ಪ್ರಶ್ನೆ ಕೇಳುತ್ತಾನೆ, ಓದಲಾರದವನು ತಲೆ ಅಲ್ಲಾಡಿಸಿ ಸಹಿ ಹಾಕುತ್ತಾನೆ. ಮೊದಲು ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡವರ ಕಥೆ ನಮ್ಮ ಅನೇಕ ಮನೆಗಳಲ್ಲಿದೆ. ಅಂಕಿ ಓದಲಾರದೆ ನೀರು ಕಳೆದುಕೊಂಡವರ ಕಥೆ ನಮ್ಮ ಮಕ್ಕಳದಾಗಬಾರದು. ಯಂತ್ರವು ಪ್ರಾಮಾಣಿಕವಾಗಿ ಅಳೆದರೂ ಆ ಅಳತೆ ಕಚೇರಿಯ ಕಂಪ್ಯೂಟರಿನಲ್ಲೇ ಉಳಿದರೆ ಕೊನೆಯಂಚಿನ ರೈತನಿಗೆ ಪ್ರಯೋಜನವಿಲ್ಲ. ಅದು ಅವನ ಮೊಬೈಲಿಗೆ, ಅವನ ಭಾಷೆಯಲ್ಲಿ ಬರಬೇಕು. ಕೇಳುವ ಧೈರ್ಯ ನಮ್ಮಲ್ಲಿ ಹುಟ್ಟಬೇಕು.

ಆದ್ದರಿಂದ ಸಂಸ್ಥೆಯ ಮುಂದೆ ಮೂರು ಚಿಕ್ಕ ಸಲಹೆಗಳನ್ನು ಇಡುತ್ತೇನೆ. ಮೊದಲನೆಯದು, ನಮ್ಮ ಪ್ರತಿ ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕ ಇರಲಿ. ಪ್ರತಿದಿನ ಬೆಳಿಗ್ಗೆ ಪ್ರಾರ್ಥನೆಯ ನಂತರ ಒಬ್ಬ ವಿದ್ಯಾರ್ಥಿ ಮಳೆಯ ಅಂಕಿಯನ್ನು ಫಲಕದ ಮೇಲೆ ಕನ್ನಡ, ಉರ್ದು ಎರಡರಲ್ಲೂ ಬರೆಯಲಿ. ಎರಡನೆಯದು, ಎಂಟನೆಯ ತರಗತಿಯಿಂದ ಮೇಲಿನ ಪ್ರತಿ ವಿದ್ಯಾರ್ಥಿ ಒಂದು ಹಂಗಾಮಿನ ಕಾಲ ತನ್ನ ಮನೆಯ ಅಥವಾ ನೆರೆಯವರ ಹೊಲದ ನೀರಿನ ಲೆಕ್ಕವನ್ನು ಒಂದು ನೋಟ್‌ಬುಕ್ಕಿನಲ್ಲಿ ಇಡಲಿ: ಮೋಟಾರು ಎಷ್ಟು ತಾಸು ಓಡಿತು, ಮಳೆ ಎಷ್ಟು ಬಿತ್ತು, ಬೆಳೆ ಏನು. ಮೂರನೆಯದು, ಧಾರವಾಡದಲ್ಲಿರುವ ಕೃಷಿ ವಿಶ್ವವಿದ್ಯಾಲಯಕ್ಕೂ ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆ ವಾಲ್ಮಿಗೂ ನಮ್ಮ ಹೆಣ್ಣುಮಕ್ಕಳನ್ನೂ ಗಂಡುಮಕ್ಕಳನ್ನೂ ವರ್ಷಕ್ಕೊಮ್ಮೆ ಕರೆದುಕೊಂಡು ಹೋಗೋಣ. ಹೊಲದ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಮಾಡುವವರು ತಾಯಂದಿರು. ಅಂಕಿ ಓದುವ ವಿದ್ಯೆ ಅವರ ಹೆಣ್ಣುಮಕ್ಕಳಿಗೆ ಮೊದಲು ಸಿಗಲಿ.

ಮೊದಲು ಹೇಳಿದ "ಹೊಲ ತುಂಬುವಷ್ಟು" ಎಂದ ಹುಡುಗ ನಂತರ ಕೊಡ ಇಟ್ಟು ತನ್ನ ಪಂಪಿನ ನೀರು ಅಳೆದು ಬಂದ. ಭಾಗಾಕಾರ ತಪ್ಪಿತ್ತು, ತರಗತಿಯಲ್ಲಿ ಎಲ್ಲರೂ ಕೂಡಿ ತಿದ್ದಿದೆವು. ಮರುದಿನ ಅವನು ಹೇಳಿದ ಮಾತು: "ಸರ್, ಅಪ್ಪ ನಿನ್ನೆ ಒಂದು ತಾಸು ಮುಂಚೆ ಮೋಟಾರು ಬಂದ್ ಮಾಡಿದರು." ಆ ಒಂದು ತಾಸಿನ ನೀರು ಅವರ ಬಾವಿಯಲ್ಲೇ ಉಳಿಯಿತು.

ಅಲ್ಲಾಹನು ನಮ್ಮ ಕೈಗೆ ಕೊಟ್ಟ ಈ ಅಮಾನತ್ತನ್ನು ಲೆಕ್ಕವಿಟ್ಟು ಬಳಸುವ, ಕೆಳಗಿನ ಹೊಲದವನಿಗೆ ಅವನ ಪಾಲನ್ನು ಬಿಡುವ ಬುದ್ಧಿಯನ್ನು ನಮಗೆಲ್ಲ ಕರುಣಿಸಲಿ ಎಂದು ಪ್ರಾರ್ಥಿಸುತ್ತೇನೆ.